12 ವರ್ಷ ಕೆಲಸವಾದ ಮೇಲೆ ಎಂ.ಟೆಕ್.: ಶನಿವಾರಗಳನ್ನು ಎಲ್ಲಿಂದ ತರುವುದು?

ಧಾರವಾಡ ಡೊಂಬಿವಲಿ (ಭಾನುವಾರ, ರಾತ್ರಿ 10:40)

ಮುಂಬೈಯಲ್ಲಿ ಐಟಿ ನೌಕರಿ ಮಾಡುತ್ತಲೇ ಸ್ನಾತಕೋತ್ತರ ಓದು ಮುಗಿಸಿದವರು ಈ ಚರ್ಚಾ ಗುಂಪಿನಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಬಿಡಿಸಿ ಹೇಳಿ. ಅರ್ಧಕ್ಕೆ ಬಿಟ್ಟವರಿದ್ದರೆ ಅವರೂ ಹೇಳಿ, ಅವರ ಮಾತೇ ನನಗೆ ಹೆಚ್ಚು ಬೇಕು.

ನಾನು ವಿಟಿಯು ಬಿ.ಇ. ಕೆಲಸಕ್ಕೆ ಸೇರಿ 12 ವರ್ಷವಾಯಿತು. ದಿನವೂ ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ಒಂದು ಬ್ಯಾಂಕಿನ ರಾತ್ರಿ ಬ್ಯಾಚ್ ನೋಡಿಕೊಳ್ಳುವ ತಂಡದಲ್ಲಿದ್ದೇನೆ. ಬಡ್ಡಿಯ ಲೆಕ್ಕ, ಸ್ಟೇಟ್‌ಮೆಂಟು, ಬೆಳಿಗ್ಗೆ ಶಾಖೆಗಳ ಬಾಗಿಲು ತೆರೆಯುವ ಮೊದಲು ಮುಗಿಯಲೇಬೇಕಾದ ನೂರಾರು ಜಾಬ್‌ಗಳು. ಎಲ್ಲವೂ ಮೇನ್‌ಫ್ರೇಮ್ ಎಂಬ ದೊಡ್ಡ ಗಣಕದ ಹಳೆಯ ಭಾಷೆ, ಡೇಟಾಬೇಸ್‌ಗಳಲ್ಲಿ: ಕೋಬಾಲ್, ಜೆಸಿಎಲ್, ಡಿಬಿ2. ಪಕ್ಕದ ತಂಡದ ಹುಡುಗರು ಕಾಫ್ಕಾ, ಮೈಕ್ರೋಸರ್ವಿಸ್ (ದೊಡ್ಡ ತಂತ್ರಾಂಶವನ್ನು ಸಣ್ಣ ಸಣ್ಣ ಸೇವೆಗಳಾಗಿ ಒಡೆಯುವುದು) ಎಂದು ಹೊಸ ತಂತ್ರಗಳ ಬಗ್ಗೆ ಮಾತನಾಡುವಾಗ ನಾನು ಮದುವೆ ಮನೆಯಲ್ಲಿ ಪರಿಚಯವಿಲ್ಲದ ಪಂಕ್ತಿಯಲ್ಲಿ ಕುಳಿತಂತೆ ಸುಮ್ಮನೆ ಊಟ ಮುಗಿಸಿ ಎದ್ದು ಬರುತ್ತೇನೆ.

ನೋಡಿಟ್ಟಿರುವ ದಾರಿಗಳು ಮೂರು. ಬಿಟ್ಸ್ ಪಿಲಾನಿಯಂಥ ಸಂಸ್ಥೆ ನೌಕರರಿಗಾಗಿ ವಾರಾಂತ್ಯದಲ್ಲಿ ನಡೆಸುವ ಎಂ.ಟೆಕ್.; ಅಮೆರಿಕದ ವಿಶ್ವವಿದ್ಯಾಲಯದ ಆನ್‌ಲೈನ್ ಮಾಸ್ಟರ್ಸ್; ಇವೆರಡೂ ಬೇಡವೆಂದರೆ ಕ್ಲೌಡ್ ಕಂಪನಿಗಳ ಸರ್ಟಿಫಿಕೇಟ್. ಮಗಳು ಒಂದನೆಯ ತರಗತಿ. ಮನೆಯವರದು ಶಿಫ್ಟ್ ಕೆಲಸ. ಹಣ ಹೇಗೋ ಹೊಂದುತ್ತದೆ, ಹೊಂದದಿರುವುದು ಶನಿವಾರ.

ಘೋಡ್‌ಬಂದರ್ ರೋಡ್ (ರಾತ್ರಿ 11:15)

ಬೇಡ ಮೇಡಂ.

ಕಾರಣವನ್ನೂ ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಆನ್‌ಲೈನ್ ಕಂಪನಿಯ ಹುಡುಗಿ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, 'ಸರ್, ಇದು ಮಾಸ್ಟರ್ಸ್‌ಗೆ ಸಮ' ಎಂದು ಸೇರಿಸಿಕೊಂಡಳು. ಫೀಸು ಕಟ್ಟಲು ಅವರೇ ಸಾಲದ ಕಂಪನಿಯನ್ನೂ ತೋರಿಸಿದರು. ಎಲ್ಲಿ ಬೆರಳೊತ್ತಿದೆನೋ ನನಗೇ ನೆನಪಿಲ್ಲ, 18 ತಿಂಗಳು ಕಂತು ಹೋಯಿತು. ಕೊನೆಗೆ ಚಿನ್ನದ ಅಂಚಿನ ಒಂದು ಹಾಳೆ ಬಂತು. ಅದರಲ್ಲಿ ವಿಶ್ವವಿದ್ಯಾಲಯದ ಹೆಸರಿತ್ತು, ಲಾಂಛನವಿತ್ತು, ನನ್ನ ಹೆಸರೂ ಇತ್ತು. 'ಪದವಿ' ಎಂಬ ಪದ ಮಾತ್ರ ಇರಲಿಲ್ಲ. ಅಪ್ರೈಸಲ್‌ನಲ್ಲಿ ಅದನ್ನು ತೋರಿಸಿದಾಗ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ಇದರಲ್ಲಿ ಎಐ ಇದೆಯೇ?

ಮಾರುಕಟ್ಟೆಗೆ ಬೇಕಾಗಿರುವುದು ನೀವು ಏನು ಮಾಡಬಲ್ಲಿರಿ ಎಂಬುದು. ಒಂದು ಸರ್ಟಿಫಿಕೇಟ್ ಮಾಡಿ, ಕೆಲಸ ಬದಲಿಸಿ, ಶನಿವಾರ ನಿದ್ದೆ ಮಾಡಿ.

ಲೆಕ್ಕಪತ್ರ ಮುಲುಂಡ್ (ರಾತ್ರಿ 11:32)

ಮೇಲಿನವರ ಕಥೆ ಕೇಳಿ ಎರಡು ಕಾಗದದ ವಿಷಯ ಹೇಳಿ ಮಲಗುತ್ತೇನೆ.

ಒಂದು. ಹಾಳೆಯನ್ನು ಕೊಡುವವರು ಯಾರು, ಅದರ ಮೇಲೆ ಏನೆಂದು ಬರೆದಿರುತ್ತದೆ ಎಂಬುದನ್ನು ಫೀಸು ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ. ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿ ಕೊಟ್ಟ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ಪದವಿಗಳು 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅತಂತ್ರವಾದವು. ಓದಿ ಹತ್ತು ಹನ್ನೆರಡು ವರ್ಷವಾಗಿ, ಬಡ್ತಿಯನ್ನೂ ಪಡೆದಿದ್ದವರು ಅವರು. ಮುಂದೆ ಪಾಠ ಹೇಳುವ, ಪಿಎಚ್.ಡಿ. ಮಾಡುವ ಆಸೆಯಿದ್ದರೆ ಯುಜಿಸಿ, ಎಐಸಿಟಿಇ ಮಾನ್ಯತೆಯನ್ನು ಅವರವರ ಜಾಲತಾಣದಲ್ಲಿಯೇ ನೋಡಿ. ಫೋನ್ ಮಾಡುವ ಹುಡುಗಿಯ ಮಾತಿನಲ್ಲಿ ನೋಡಬೇಡಿ.

ಎರಡು. ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಮೊತ್ತಕ್ಕೆ ಮಿತಿ ಇಲ್ಲ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ. ಹೊಸದರಲ್ಲಿ ಇದ್ದೀರೆಂದರೆ ಈ ಪ್ಯಾರಾ ಮರೆತುಬಿಡಿ.

ಹಳೆಯ ಮೇನ್‌ಫ್ರೇಮ್ (ಸೋಮವಾರ, ಬೆಳಿಗ್ಗೆ 6:50)

ತಂಗೀ, ಪಂಕ್ತಿಯ ಮಾತು ಓದಿ ನಗು ಬಂತು. ಆ ಮದುವೆಯ ಊಟ ಹಾಕಿಸಿದ್ದೇ ನಿಮ್ಮ ಕಡೆಯವರು ಎಂಬುದು ನಿಮಗೆ ಗೊತ್ತಿಲ್ಲ.

ವಿಶ್ವವಿದ್ಯಾಲಯಗಳು ಎಂಟರ್‌ಪ್ರೈಸ್ ಕಂಪ್ಯೂಟಿಂಗ್ ಎಂದು ಕರೆಯುವುದು ನೀವು ರಾತ್ರಿ ಕಾಯುತ್ತಿರುವ ಈ ವ್ಯವಹಾರವನ್ನೇ. ಲಕ್ಷಾಂತರ ಜನರ ಹಣ, ಟಿಕೆಟ್, ಸರಕು ಒಂದೇ ಹೊತ್ತಿಗೆ ಒಂದು ಸಂಸ್ಥೆಯ ಯಂತ್ರಗಳ ಮೇಲೆ ಬೀಳುತ್ತವೆ. ಒಂದು ಪೈಸೆಯೂ ಆಚೀಚೆ ಆಗಬಾರದು, ಯಂತ್ರ ನಿಲ್ಲಬಾರದು, ಐದು ವರ್ಷದ ನಂತರ ಲೆಕ್ಕಪರಿಶೋಧಕ ಬಂದು ಕೇಳಿದರೆ ಉತ್ತರ ಇರಬೇಕು. ಐಬಿಎಂ ತನ್ನ ಸಿಸ್ಟಂ/360 ಎಂಬ ಮೇನ್‌ಫ್ರೇಮ್ ಸರಣಿಯನ್ನು ಪ್ರಕಟಿಸಿದ್ದು 1964ರ ಏಪ್ರಿಲ್‌ನಲ್ಲಿ. ಅಂದಿನಿಂದ ಯಂತ್ರ ಬದಲಾಗಿದೆ, ಭಾಷೆಗಳು ಬಂದು ಹೋಗಿವೆ. ಪ್ರಶ್ನೆಗಳು ಅವೇ.

ಓದು ಕೊಡುವುದು ಆ ಪ್ರಶ್ನೆಗಳ ಹೆಸರುಗಳನ್ನು. ನಾನು 41ನೆಯ ವಯಸ್ಸಿನಲ್ಲಿ ಎಂ.ಟೆಕ್. ಮಾಡಿದವನು, ಅದರಲ್ಲಿ ಉಳಿದದ್ದನ್ನು ಹೇಳುತ್ತೇನೆ.

ಮೊದಲನೆಯದು ಸರದಿಯ ಗಣಿತ. ನಮ್ಮ ಮ್ಯಾನೇಜರ್ ಪ್ರತಿ ಸಭೆಯಲ್ಲಿಯೂ 'ಸರ್ವರ್ ಶೇ. 90 ತುಂಬಿದೆ, ಇನ್ನೂ ಹತ್ತು ಉಳಿದಿದೆಯಲ್ಲ' ಎನ್ನುತ್ತಿದ್ದರು. ಒಂದೇ ಕಿಟಕಿಯ ಟಿಕೆಟ್ ಕೌಂಟರ್ ಎಂದುಕೊಳ್ಳಿ. ಒಂದು ಟಿಕೆಟ್‌ಗೆ ಸರಾಸರಿ ಒಂದು ನಿಮಿಷ, ಜನ ಮನಬಂದಂತೆ ಬರುತ್ತಾರೆ. ಗುಮಾಸ್ತ ಅರ್ಧ ಹೊತ್ತು ಬಿಡುವಾಗಿದ್ದರೆ ಸರದಿಯಲ್ಲಿ ಕಾಯುವುದು ಸರಾಸರಿ ಒಂದು ನಿಮಿಷ. ಅವನು ಶೇ. 80 ಹೊತ್ತು ಕೆಲಸದಲ್ಲಿದ್ದರೆ ನಾಲ್ಕು ನಿಮಿಷ, 90 ಆದರೆ ಒಂಬತ್ತು, 95 ಆದರೆ 19. ಕೊನೆಯ ಆ ಐದು ಅಂಕಗಳಲ್ಲಿ ಕಾಯುವಿಕೆ ಇಮ್ಮಡಿಗಿಂತ ಹೆಚ್ಚಾಯಿತು. ತತ್ಕಾಲ್ ಹೊತ್ತು ಬೆಳಿಗ್ಗೆ 10ಕ್ಕೆ ಎ.ಸಿ., 11ಕ್ಕೆ ಉಳಿದ ದರ್ಜೆ ಎಂದು ಬೇರೆ ಬೇರೆ ಇರುವುದು ಆ ಭಾರವನ್ನು ಎರಡು ಹೊತ್ತಿಗೆ ಹಂಚುತ್ತದೆ. ಊರಿಗೆ ಹೋಗಲು ಮತ್ಸ್ಯಗಂಧದ ಟಿಕೆಟ್‌ಗೆ ಬೆರಳು ಸವೆಸಿದವರಿಗೆಲ್ಲ ಈ ಗಣಿತ ಮೈಗೆ ಗೊತ್ತು, ಕಾಗದದ ಮೇಲೆ ಗೊತ್ತಿರುವುದಿಲ್ಲ.

ಎರಡನೆಯದು ಎರಡು ಹಂತದ ಕಮಿಟ್. ಕಮಿಟ್ ಎಂದರೆ ಮಾಡಿದ ಬದಲಾವಣೆಯನ್ನು ಡೇಟಾಬೇಸ್‌ನಲ್ಲಿ ಖಾಯಂ ಮಾಡುವುದು. ಇದನ್ನು ವಿವರಿಸಿದವರಲ್ಲಿ ಮೊದಲಿಗರು ಡೇಟಾಬೇಸ್ ವಿಜ್ಞಾನಿ ಜಿಮ್ ಗ್ರೇ, 1978ರಲ್ಲಿ. ನಾನು ತರಬೇತಿಗೆ ಬರುವ ಹುಡುಗರಿಗೆ ಹೀಗೆ ಹೇಳುತ್ತೇನೆ: ಸಂಬಂಧ ಕುದುರಿಸುವ ದಲ್ಲಾಳಿ ಹೆಣ್ಣಿನ ಕಡೆಯವರನ್ನು ಕೇಳಿದ, ಒಪ್ಪಿದರು. ಗಂಡಿನ ಕಡೆಯವರನ್ನು ಕೇಳಿದ, ಅವರೂ ಒಪ್ಪಿದರು. 'ಹಾಗಾದರೆ ಆಯಿತು' ಎಂದು ಎರಡೂ ಮನೆಗೆ ಹೇಳುವ ಮೊದಲು ದಲ್ಲಾಳಿಯ ಫೋನ್ ಸ್ತಬ್ಧವಾಯಿತು. ಈಗ ಇಬ್ಬರೂ ಮಾತು ಕೊಟ್ಟು ಕುಳಿತಿದ್ದಾರೆ. ಬೇರೆ ಸಂಬಂಧ ನೋಡುವಂತಿಲ್ಲ, ಛತ್ರ ಗೊತ್ತು ಮಾಡುವಂತಿಲ್ಲ. ದತ್ತಾಂಶದ ಲೋಕದಲ್ಲಿ ಆ ಎರಡು ಮನೆಗಳೂ ಬೀಗ ಹಾಕಿಕೊಂಡು ಕುಳಿತ ದಾಖಲೆಗಳು. ನಿಮ್ಮ ಪಕ್ಕದ ತಂಡದ ಹುಡುಗರು ಮೈಕ್ರೋಸರ್ವಿಸ್‌ಗಳ ನಡುವೆ ಇದನ್ನು ತಪ್ಪಿಸಲು 'ಸಾಗಾ' ಎನ್ನುತ್ತಾರಲ್ಲ, ಅದು 1987ರ ಒಂದು ಪ್ರಬಂಧದಿಂದ ಬಂದದ್ದು: ನಡೆದುಹೋದದ್ದನ್ನು ಅಳಿಸಬೇಡ, ಸರಿದೂಗಿಸುವ ಎದುರು ಕ್ರಿಯೆ ಮಾಡು. ನಿಮ್ಮ ಬ್ಯಾಂಕಿನ ಗುಮಾಸ್ತರು ತಪ್ಪು ಜಮೆಗೆ ಎದುರು ನಮೂದು ಹಾಕುತ್ತ ಬಂದಿರುವುದೂ ಅದೇ. ಕಂಪ್ಯೂಟರ್ ಹುಟ್ಟುವ ಮೊದಲಿನಿಂದ.

ಆದ್ದರಿಂದ ಘೋಡ್‌ಬಂದರ್ ರಾಯರು ಹೇಳಿದಂತೆ ಮಾರುಕಟ್ಟೆಗಾಗಿ ಓದುವುದಾದರೆ ಬೇಡ. ಕೆಲಸದಲ್ಲಿ ನಿಮಗೆ ಉತ್ತರ ಸಿಗದೆ ಉಳಿದಿರುವ ಒಂದು ಪ್ರಶ್ನೆ ಇದ್ದರೆ ಮಾತ್ರ ಓದಿ. ಇದೆಯೇ?

ಪುಣೆ ಬಾಣೇರ್ (ಸೋಮವಾರ, ಮಧ್ಯಾಹ್ನ 1:20)

ಜಾರ್ಜಿಯಾ ಟೆಕ್‌ನ ಆನ್‌ಲೈನ್ ಮಾಸ್ಟರ್ಸ್‌ನಲ್ಲಿ ನಾನು ಏಳನೆಯ ಕೋರ್ಸಿನಲ್ಲಿದ್ದೇನೆ. 2014ರ ಜನವರಿಯಲ್ಲಿ ಶುರುವಾದದ್ದು. ಒಟ್ಟು 10 ಕೋರ್ಸ್, ಎಲ್ಲ ಸೇರಿ 7,000 ಡಾಲರ್‌ನ ಆಸುಪಾಸು, ಆರು ವರ್ಷದೊಳಗೆ ಮುಗಿಸಬೇಕು. ಕ್ಯಾಂಪಸ್‌ನಲ್ಲಿ ಓದಿದವರಿಗೆ ಸಿಗುವ ಪದವಿಯೇ ಸಿಗುತ್ತದೆ, ವಿದ್ಯಾರ್ಥಿ ವೀಸಾ ಮಾತ್ರ ಸಿಗುವುದಿಲ್ಲ. ಸೇರುವುದು ಬಹಳ ಕಷ್ಟವಲ್ಲ, ಉಳಿಯುವುದು ಕಷ್ಟ. ಮೊದಲ 12 ತಿಂಗಳಲ್ಲಿ ಬುನಾದಿ ವಿಷಯಗಳ ಎರಡು ಕೋರ್ಸ್‌ಗಳಲ್ಲಿ ಬಿ ದರ್ಜೆಯನ್ನಾದರೂ ಪಡೆಯಬೇಕು.

ಅಲ್ಲಿಯ ಭಾನುವಾರ ರಾತ್ರಿಯ ಗಡುವು ಇಲ್ಲಿ ಸೋಮವಾರ ಬೆಳಿಗ್ಗೆ. ಹಿಂಜವಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಅಸೈನ್‌ಮೆಂಟ್ ಸಲ್ಲಿಸಿದ್ದೇನೆ. ವಾಕಡ್ ಸೇತುವೆಯ ದಟ್ಟಣೆಗೆ ನಾನು ಕೃತಜ್ಞನಾಗಿದ್ದು ಅದೊಂದೇ ದಿನ.

ನನ್ನದು ಮದುವೆಯಾಗದ ಸಂಸಾರ. ಹಾಗಾಗಿ ಅಕ್ಕ, ನನ್ನ ಸಮಯದ ಲೆಕ್ಕವನ್ನು ನಿಮ್ಮದಕ್ಕೆ ಹೋಲಿಸಬೇಡಿ. ವಾರಕ್ಕೆ 15 ಗಂಟೆ ಹೋಗುತ್ತದೆ, ಆಪರೇಟಿಂಗ್ ಸಿಸ್ಟಂ ಕೋರ್ಸಿನಲ್ಲಿ 20 ಆಗಿತ್ತು.

ಫೋರ್ಟ್ ರಾತ್ರಿಶಾಲೆ (ಸೋಮವಾರ, ಸಂಜೆ 5:05)

ನನಗೆ ನಿಮ್ಮ ಕಮಿಟ್ ಅರ್ಥವಾಗಲಿಲ್ಲ, ದಲ್ಲಾಳಿ ಅರ್ಥವಾಯಿತು. ಮೊಮ್ಮಗ ಓದಿ ತೋರಿಸಿದ ಮೇಲೆ ಬರೆಯುತ್ತಿದ್ದೇನೆ.

1967ರಲ್ಲಿ ಕುಂದಾಪುರ ಕಡೆಯಿಂದ ಬಂದು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ನಿಂತವನು ನಾನು. ಕನ್ನಡ ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದೆ. ಇಂಗ್ಲಿಷ್ ಮೂರನೆಯ ಸಲಕ್ಕೆ ಪಾಸಾಯಿತು, ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಈ ಊರಿನಲ್ಲಿ ನನ್ನಂಥವರು ಬಹಳ ಮಂದಿ. ಸನ್ಮಾನ ಸಮಾರಂಭಗಳಲ್ಲಿ ಈ ಕಥೆಯನ್ನು ಹೇಳಿ ಶಾಲು ಹೊದೆಸುತ್ತಾರೆ.

ಅಲ್ಲಿ ಹೇಳದ ಒಂದು ಮಾತಿದೆ. ಶಾಲೆಯ ಹೊತ್ತು, ಕಚೇರಿ ಬಿಟ್ಟು ಗಿರಾಕಿಗಳು ಬರುವ ಹೊತ್ತು, ಎರಡೂ ಒಂದೇ. ಮಾಲೀಕರು ನನ್ನನ್ನು ಬಿಟ್ಟರು. ಲೋಟಗಳು ಕಡಿಮೆಯಾಗಲಿಲ್ಲವಲ್ಲ? ಬ್ರಹ್ಮಾವರದ ಇನ್ನೊಬ್ಬ ಹುಡುಗ ಇದ್ದ. ನನ್ನ ಪಾಲಿನವನ್ನೂ ಅವನೇ ತೊಳೆದ. ನಾಲ್ಕು ವರ್ಷ. ಅವನು ಓದಲಿಲ್ಲ. ನಾನು ಅವನಿಗೆ ಏನು ಕೊಟ್ಟೆ ಎಂದು ಕೇಳಬೇಡಿ.

ಮಗಳೇ, ಯಾವ ಕಾಲೇಜು ಎಂಬುದು ಆಮೇಲೆ. ನಿನ್ನ ಲೋಟಗಳನ್ನು ಯಾರು ತೊಳೆಯುತ್ತಾರೆ ಎಂಬುದನ್ನು ಮೊದಲು ಕೂತು ಮಾತನಾಡಿಕೋ. ಅವರಿಗೆ ಗೊತ್ತಿದ್ದು ತೊಳೆಯುವುದು ಬೇರೆ, ಗೊತ್ತಿಲ್ಲದೆ ತೊಳೆಯುವುದು ಬೇರೆ.

ಮೀರಾ ರೋಡ್ ಪೂರ್ವ (ಸೋಮವಾರ, ರಾತ್ರಿ 9:48)

ಅರ್ಧಕ್ಕೆ ಬಿಟ್ಟವರನ್ನು ಕೇಳಿದ್ದೀರಿ. ನಾನಿದ್ದೇನೆ.

ವಾರಾಂತ್ಯದ ಎಂ.ಟೆಕ್., ನಾಲ್ಕು ಸೆಮಿಸ್ಟರ್. ಮೂರನೆಯದರಲ್ಲಿ ಬಿಟ್ಟೆ. ಪರೀಕ್ಷೆಯ ಶನಿವಾರವೇ ನಮ್ಮ ದೊಡ್ಡ ರಿಲೀಸ್. ಎರಡು ಸಲ ಹಾಗಾಯಿತು. ಮೊದಲ ಸಲ ಮರುಪರೀಕ್ಷೆ ಬರೆದೆ, ಎರಡನೆಯ ಸಲ ಬೇಸರವಾಯಿತು. ಓದುತ್ತಿದ್ದೇನೆಂದು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದೇ ತಪ್ಪು. ಗೆದ್ದ ಮೇಲೆ ಹೇಳೋಣವೆಂಬ ಬಿಗುಮಾನ.

ಕಳೆದುಕೊಂಡೆನೇ? ಫೀಸು, ಹೌದು. ಡೇಟಾಬೇಸ್ ಮತ್ತು ಡಿಸ್ಟ್ರಿಬ್ಯೂಟೆಡ್ ಸಿಸ್ಟಂ ಎಂಬ ಎರಡು ವಿಷಯಗಳು ಮಾತ್ರ ಇಂದಿಗೂ ಅನ್ನ ಹಾಕುತ್ತಿವೆ. ಉಳಿದವು ನೆನಪಿಲ್ಲ. ಸೇರುವ ಮೊದಲು ಮುಂದಿನ ವರ್ಷದ ಪರೀಕ್ಷಾ ದಿನಾಂಕಗಳನ್ನೂ ನಿಮ್ಮ ತ್ರೈಮಾಸಿಕದ ಕೊನೆಗಳನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದು ನೋಡಿ.

ಧಾರವಾಡ ಡೊಂಬಿವಲಿ (ಮಂಗಳವಾರ, ರಾತ್ರಿ 11:55)

ಎಲ್ಲರಿಗೂ ನಮಸ್ಕಾರ. ರಾತ್ರಿಶಾಲೆಯ ಕಾಕಾ, ನಿಮ್ಮ ಮಾತನ್ನು ಮನೆಯವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಮೇನ್‌ಫ್ರೇಮ್ ಸರ್, ಪ್ರಶ್ನೆ ಇದೆಯೇ ಎಂದು ಕೇಳಿದಿರಿ. ಇದೆ. ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ತ್ರೈಮಾಸಿಕದ ಕೊನೆಯ ರಾತ್ರಿ, ಉಳಿತಾಯ ಖಾತೆಗಳಿಗೆ ಬಡ್ಡಿ ಜಮೆ ಮಾಡುವ ಜಾಬ್ 2:20ಕ್ಕೆ ಅಬೆಂಡ್ ಆಯಿತು, ಎಂದರೆ ನಡುವೆಯೇ ಕೆಟ್ಟು ನಿಂತಿತು. ಪಾಳಿಯಲ್ಲಿದ್ದ ಹುಡುಗ ಹೊಸಬ. ಕೈಪಿಡಿಯಲ್ಲಿ 'ರೀಸ್ಟಾರ್ಟ್' ಎಂದಿತ್ತು, ಮೊದಲಿನಿಂದ ಓಡಿಸಿದ. ಪ್ರತಿ 5,000 ದಾಖಲೆಗೆ ಒಮ್ಮೆ ಕಮಿಟ್ ಆಗುತ್ತಿತ್ತಾದ್ದರಿಂದ ಅಷ್ಟರೊಳಗೆ ಮುಗಿದಿದ್ದ ಖಾತೆಗಳಿಗೆಲ್ಲ ಎರಡು ಸಲ ಬಡ್ಡಿ ಬಿತ್ತು. ಬೆಳಿಗ್ಗೆ ಏಳರೊಳಗೆ ಎದುರು ನಮೂದು ಹಾಕಿ ಸರಿಪಡಿಸಿದೆವು. ಗ್ರಾಹಕರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ವರದಿಯನ್ನು ಬರೆದದ್ದು ನಾನು. 'ಕಾರಣ' ಎಂಬ ಕಾಲಂನಲ್ಲಿ ಆ ಹುಡುಗನ ತಪ್ಪು ಎಂದು ಬರೆದೆ. ಬೇರೆ ಏನು ಬರೆಯಬೇಕೆಂದು ನನಗೆ ನಿಜವಾಗಿಯೂ ತಿಳಿದಿರಲಿಲ್ಲ.

ಹಳೆಯ ಮೇನ್‌ಫ್ರೇಮ್ (ಬುಧವಾರ, ಬೆಳಿಗ್ಗೆ 6:15)

ತಂಗೀ, ಇದೇ ನಿಮ್ಮ ಪ್ರಬಂಧ.

ಲಿಫ್ಟಿನ ಗುಂಡಿಯನ್ನು ಹತ್ತು ಸಲ ಒತ್ತಿದರೂ ಲಿಫ್ಟ್ ಬರುವುದು ಒಂದೇ ಸಲ. ಹೋಟೆಲಿನಲ್ಲಿ 'ಒಂದು ಚಹಾ' ಎಂದು ಎರಡು ಸಲ ಕೂಗಿದರೆ ಎರಡು ಚಹಾ ಬರುತ್ತವೆ, ಬಿಲ್ಲೂ ಎರಡರದು. ಎಷ್ಟು ಸಲ ಮಾಡಿದರೂ ಫಲ ಒಂದೇ ಆಗಿರುವ ಗುಣಕ್ಕೆ ಐಡೆಂಪೊಟೆನ್ಸ್ ಎನ್ನುತ್ತಾರೆ. ಚಹಾದ ಕೂಗಿಗೆ ಆ ಗುಣ ಬರಬೇಕಾದರೆ ಟೋಕನ್ ಸಂಖ್ಯೆ ಬೇಕು: 'ಟೋಕನ್ 14, ಒಂದು ಚಹಾ.' ಎರಡನೆಯ ಸಲ 14 ಎಂದು ಕೇಳಿದರೆ ಭಟ್ಟರು ಗದರುತ್ತಾರೆ.

ನಿಮ್ಮ ಜಮೆಯ ದಾಖಲೆಗೆ ಖಾತೆ ಸಂಖ್ಯೆ ಮತ್ತು ತ್ರೈಮಾಸಿಕ ಸೇರಿದ ಒಂದು ಅನನ್ಯ ಕೀಲಿ ಇದ್ದಿದ್ದರೆ ಎರಡನೆಯ ಜಮೆಯನ್ನು ಡೇಟಾಬೇಸೇ ತಿರಸ್ಕರಿಸುತ್ತಿತ್ತು. ಇಲ್ಲವೇ ಎಲ್ಲಿಯವರೆಗೆ ಬಂದೆವು ಎಂಬ ಗುರುತನ್ನು ಜಮೆಯ ಕಮಿಟ್‌ನಲ್ಲಿಯೇ ಬರೆದಿಡಬೇಕಿತ್ತು, ಬೇರೆ ಕಡತದಲ್ಲಿ ಬರೆದರೆ ಎರಡರ ನಡುವೆ ಮತ್ತೆ ಬಿರುಕು. ಯುಪಿಐ ಪಾವತಿ ನಡುವೆ ನೆಟ್‌ವರ್ಕ್ ಹೋದಾಗ ಮತ್ತೆ ಒತ್ತಲೋ ಬೇಡವೋ ಎಂದು ತರಕಾರಿ ಅಂಗಡಿಯ ಮುಂದೆ ನಾವೆಲ್ಲ ನಿಲ್ಲುತ್ತೇವಲ್ಲ, ಆ ಭಯದ ಹಿಂದೆಯೂ ಇದೇ ಇದೆ.

ಅದು ಹುಡುಗನ ತಪ್ಪಲ್ಲ.

ವಾರಾಂತ್ಯದ ಎಂ.ಟೆಕ್.ನಲ್ಲಿ ಕೊನೆಯ ಸೆಮಿಸ್ಟರಿನ ಪ್ರಬಂಧವನ್ನು ಸ್ವಂತ ಕೆಲಸದ ಜಾಗದ ಸಮಸ್ಯೆಯ ಮೇಲೆಯೇ ಮಾಡಬಹುದು. ಒಂದೇ ಎಚ್ಚರಿಕೆ: ಬ್ಯಾಂಕಿನ ನಿಜವಾದ ದತ್ತಾಂಶದ ಒಂದು ಸಾಲನ್ನೂ ಮನೆಗೆ ತರಬೇಡಿ. ಕೃತಕ ಖಾತೆಗಳನ್ನು ಸೃಷ್ಟಿಸಿಕೊಳ್ಳಿ, ಕಚೇರಿಯ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ಸೇರುವ ಮೊದಲು ಎರಡು ತಿಂಗಳು ಉಚಿತವಾಗಿ ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ. ಎನ್‌ಪಿಟಿಇಎಲ್ ಎಂಬ ಜಾಲತಾಣದಲ್ಲಿ ಐಐಟಿಗಳ ಪಾಠಗಳಿವೆ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇಟಾಬೇಸ್ ತರಗತಿಗಳ ವಿಡಿಯೋಗಳೂ ಬಿಟ್ಟಿ ಸಿಗುತ್ತವೆ.

ಘೋಡ್‌ಬಂದರ್ ರೋಡ್ (ಬುಧವಾರ, ಬೆಳಿಗ್ಗೆ 9:30)

ಟೋಕನ್ 14 ಒಪ್ಪಿದೆ. ನನ್ನ 18 ಕಂತಿನಲ್ಲಿ ಯಾರೂ ಹೀಗೆ ಹೇಳಿಕೊಡಲಿಲ್ಲ. 'ಬೇಡ' ಎಂದದ್ದನ್ನು ಅರ್ಧ ವಾಪಸು ಪಡೆಯುತ್ತೇನೆ. ಇನ್ನರ್ಧ ಹಾಗೆಯೇ ಇರಲಿ, ಸಂಬಳ ಹೆಚ್ಚುತ್ತದೆ ಎಂದು ಮಾತ್ರ ನಂಬಬೇಡಿ.

ಧಾರವಾಡ ಡೊಂಬಿವಲಿ (ಹತ್ತು ವಾರಗಳ ನಂತರ, ಶನಿವಾರ, ಮಧ್ಯಾಹ್ನ 3:10)

ಲೆಕ್ಕ ಒಪ್ಪಿಸುತ್ತೇನೆ. ಎಂಟು ವಾರ, ವಾರಕ್ಕೆ ಎರಡು ಸಲ ಎರಡೆರಡು ಗಂಟೆ ಕೂರಬೇಕೆಂದು ನಿಶ್ಚಯಿಸಿದ್ದೆ. 16ರಲ್ಲಿ 11 ನಡೆದವು. ತಪ್ಪಿದ ಐದರಲ್ಲಿ ಎರಡು ತ್ರೈಮಾಸಿಕದ ಕೊನೆ, ಎರಡು ಮಗಳ ಜ್ವರ, ಒಂದು ಶುದ್ಧ ಸೋಮಾರಿತನ.

ಮನೆಯವರು ಶನಿವಾರದ ಪಾಳಿ ಬದಲಿಸಿಕೊಂಡಿದ್ದಾರೆ. ಅದರಿಂದ ತಿಂಗಳಿಗೆ ಎರಡು ಓವರ್‌ಟೈಮ್ ಹೋಗುತ್ತದೆ. ಆ ಮೊತ್ತವನ್ನೂ ಫೀಸಿನ ಲೆಕ್ಕದಲ್ಲಿಯೇ ಬರೆದಿಟ್ಟಿದ್ದೇವೆ, ಕಾಕಾ ಹೇಳಿದ ಮೇಲೆ. ಅಡುಗೆಮನೆಯಿಂದ ಈಗ ಕರಿಬೇವು ಸೀದ ವಾಸನೆ ಬರುತ್ತಿದೆ, ನಾನು ಏಳುತ್ತಿಲ್ಲ.

ಅನನ್ಯ ಕೀಲಿಯ ಟಿಪ್ಪಣಿಯನ್ನು ಆರ್ಕಿಟೆಕ್ಟ್‌ಗೆ ಕಳಿಸಿದೆ. 'ಹಳೆಯ ಜಾಬ್ ಮುಟ್ಟುವುದು ಬೇಡ' ಎಂದರು ಮೊದಲು. ಈಗ ಟೆಸ್ಟ್ ಪರಿಸರದಲ್ಲಿ ಓಡಿಸಲು ಒಪ್ಪಿದ್ದಾರೆ. ವಾರಾಂತ್ಯದ ಎಂ.ಟೆಕ್.ಗೆ ಅರ್ಜಿ ಹಾಕಿದ್ದೇನೆ, ಕಚೇರಿಗೆ ಹೇಳಿಯೇ.

ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಹುಡುಕಿ ಫೋನ್ ಮಾಡಿದೆ. ಅಂದಿನ ವರದಿಯಲ್ಲಿ ನಾನು ಬರೆದದ್ದು ತಪ್ಪು, ತಪ್ಪು ಇದ್ದದ್ದು ವಿನ್ಯಾಸದಲ್ಲಿ ಎಂದು ಹೇಳಿದೆ. 'ಈಗ ಯಾಕೆ ಅಕ್ಕ?' ಎಂದ. ಆಮೇಲೆ ಕೀಲಿ ಯಾವುದು ಎಂದು ಕೇಳಿದ. ಅರ್ಧ ಗಂಟೆ ಮಾತನಾಡಿದೆವು.

ಮೇನ್‌ಫ್ರೇಮ್ ಸರ್, ವಹಿವಾಟು ಸಂಸ್ಕರಣೆಯ ಕುರಿತ ದಪ್ಪ ಪುಸ್ತಕ ಹೊಸದು ಕೊಳ್ಳಲು ಬಹಳ ದುಬಾರಿ. ಫ್ಲೋರಾ ಫೌಂಟನ್ ಬಳಿ ಹಳೆಯ ಪುಸ್ತಕದವರಲ್ಲಿ ಕೇಳಿದೆ, ಸಿಗಲಿಲ್ಲ. ಯಾರ ಬಳಿಯಾದರೂ ಇದೆಯೇ?

ಹಳೆಯ ಮೇನ್‌ಫ್ರೇಮ್ (ಶನಿವಾರ, ಸಂಜೆ 4:02)

ನನ್ನ ಬಳಿ ಇದೆ. ಸಾವಿರ ಪುಟ, ಬೆನ್ನು ಬಿಟ್ಟಿದೆ, ಏಳನೆಯ ಅಧ್ಯಾಯದಲ್ಲಿ ಚಹಾದ ಕಲೆ ಇದೆ. ನಾಳೆ ಐದು ಗಂಟೆಯ ನಂತರ ಮುಲುಂಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಬಂದರೆ ಕೊಡುತ್ತೇನೆ. ಗಟ್ಟಿ ಚೀಲ ತನ್ನಿ. ಭಾನುವಾರ ಮೆಗಾ ಬ್ಲಾಕ್ (ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವುದು) ಇದೆಯೇ ಎಂದು ನೋಡಿಕೊಂಡು ಹೊರಡಿ.